ಕಾಲೇಜಿಗೆ ಸೋಲಾರ್ ಜೊತೆ ಬ್ಯಾಟರಿ: 600 ಯೂನಿಟ್ ಬೇಕಾ, 100 ಸಾಕಾ?

ಫಿಸಿಕ್ಸ್ ಮೇಷ್ಟ್ರು, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಹತ್ತಿರ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಫಿಸಿಕ್ಸ್ ಓದಿದವನಿಗೆ ಫ್ಯೂಸ್ ಹಾಕುವುದರಿಂದ ಹಿಡಿದು ಪವರ್ ಸ್ಟೇಷನ್ ಕಟ್ಟುವವರೆಗೂ ಎಲ್ಲ ಗೊತ್ತಿರುತ್ತದೆ ಅಂತ ನಮ್ಮ ಪ್ರಿನ್ಸಿಪಾಲರು ನಂಬಿದ್ದಾರೆ. ಹಾಗಾಗಿ ಸೋಲಾರ್ ಕಮಿಟಿಗೆ ನನ್ನ ಹೆಸರು ಬಿತ್ತು.

ನಮ್ಮ ಕಥೆ ಇಷ್ಟು. ಹೆಸ್ಕಾಂನ ಎಚ್‌ಟಿ (ಹೈ ಟೆನ್ಶನ್) ಸಂಪರ್ಕ, ಕಾಂಟ್ರ್ಯಾಕ್ಟ್ ಡಿಮ್ಯಾಂಡ್, ಅಂದರೆ ಒಮ್ಮೆಗೆ ಇಷ್ಟು ಎಳೆಯಬಹುದು ಅಂತ ಒಪ್ಪಂದವಾದ ಲೋಡ್, 180 ಕೆವಿಎ. ಕಾಲೇಜು ನಡೆಯುವ ತಿಂಗಳಲ್ಲಿ 30 ಸಾವಿರ ಯೂನಿಟ್ ಹತ್ತಿರ ಖರ್ಚು. ಎರಡು ಹಾಸ್ಟೆಲ್, ಒಂದು ದೊಡ್ಡ ಅಡುಗೆಮನೆ, ಮೂರು ಲ್ಯಾಬ್ ಬ್ಲಾಕ್, ಎರಡು ಬೋರ್‌ವೆಲ್. 125 ಕೆವಿಎ ಡೀಸೆಲ್ ಜನರೇಟರ್ ಇದೆ. ಮಳೆಗಾಲದಲ್ಲಿ ಗಾಳಿ ಬೀಸಿತೆಂದರೆ ಲೈನ್ ಟ್ರಿಪ್. ದಿನಕ್ಕೆ ಎರಡು ಗಂಟೆ ಜನರೇಟರ್ ಓಡುವುದೂ ಉಂಟು.

ಒಂದು ಕಂಪನಿಯವರು ಬಂದು ನೋಡಿ ಹೋದರು. ಕೊಟೇಶನ್ ಹೀಗಿದೆ: 250 ಕಿಲೋವ್ಯಾಟ್ ಪ್ಯಾನೆಲ್, 600 ಕಿಲೋವ್ಯಾಟ್-ಅವರ್, ಅಂದರೆ 600 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿ. "ಸರ್, ಹಗಲು ಸೂರ್ಯ, ರಾತ್ರಿ ಬ್ಯಾಟರಿ. ಜನರೇಟರ್ ಗುಜರಿಗೆ ಹಾಕಿ" ಅಂದರು. ಟ್ರಸ್ಟಿನವರಿಗೆ ಈ ಮಾತು ತುಂಬ ಹಿಡಿಸಿದೆ. ನನಗೆ ಮಾತ್ರ ಏನೋ ಸರಿ ಕಾಣುತ್ತಿಲ್ಲ, ಆದರೆ ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಅನುಭವ ಇದ್ದವರು ಹೇಳಿ.

ಕ್ಲ್ಯಾಂಪ್ ಮೀಟರ್, ದಾವಣಗೆರೆ

ಸರ್, ಮೊದಲು ಒಂದು ಪ್ರಶ್ನೆ. ಅವರು ಎಷ್ಟು ಹೊತ್ತು ಇದ್ದರು? ಪ್ಯಾನೆಲ್ ಬೋರ್ಡಿನ ಬಾಗಿಲು ತೆಗೆದರಾ?

ಫಿಸಿಕ್ಸ್ ಮೇಷ್ಟ್ರು

ಒಂದು ಗಂಟೆ. ತಾರಸಿ ಮೇಲೆ ಡ್ರೋನ್ ಹಾರಿಸಿದರು, ಚಹಾ ಕುಡಿದರು, 12 ತಿಂಗಳ ಬಿಲ್ ಜೆರಾಕ್ಸ್ ತಗೊಂಡು ಹೋದರು. ಪ್ಯಾನೆಲ್ ರೂಮಿನ ಕಡೆ ತಲೆ ಹಾಕಲಿಲ್ಲ.

ಕ್ಲ್ಯಾಂಪ್ ಮೀಟರ್

ಅಲ್ಲಿಗೆ ಮುಗೀತು. ತಿಂಗಳಿಗೆ ಎಷ್ಟು ಯೂನಿಟ್ ಅಂತ ಬಿಲ್ಲು ಹೇಳುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಅಂತ ಹೇಳುವುದಿಲ್ಲ. ಬ್ಯಾಟರಿ ಲೆಕ್ಕಕ್ಕೆ ಬೇಕಾದದ್ದೇ ಆ ಹೊತ್ತು.

ದುಡ್ಡಿಲ್ಲದೆ ಆಗುವ ಕೆಲಸ ಒಂದಿದೆ. ನಿಮ್ಮ ಎಚ್‌ಟಿ ಮೀಟರಿನ ಹೊಟ್ಟೆಯಲ್ಲಿ ಪ್ರತಿ 15 ನಿಮಿಷಕ್ಕೋ ಅರ್ಧ ಗಂಟೆಗೋ ಒಂದರಂತೆ ಲೋಡ್ ದಾಖಲಾಗಿರುತ್ತದೆ. ಲೋಡ್ ಸರ್ವೇ ಅಂತ ಅದರ ಹೆಸರು. ಪ್ರಿನ್ಸಿಪಾಲರ ಲೆಟರ್‌ಹೆಡ್‌ನಲ್ಲಿ ಒಂದು ಅರ್ಜಿ ಬರೆದು ಹೆಸ್ಕಾಂ ಡಿವಿಷನ್ ಆಫೀಸಿಗೆ ಕೊಡಿ. ಮೀಟರ್ ಟೆಸ್ಟಿಂಗ್‌ನವರು ಡೌನ್‌ಲೋಡ್ ಮಾಡಿ ಕೊಡುತ್ತಾರೆ. ಅದನ್ನು ಎಕ್ಸೆಲ್‌ಗೆ ಹಾಕಿ ಗ್ರಾಫ್ ತೆಗೆದರೆ ಕ್ಯಾಂಪಸ್ಸಿನ ಇಸಿಜಿ ಸಿಕ್ಕಿದ ಹಾಗೆ. ಅದು ಕೈಗೆ ಬರುವವರೆಗೆ ಯಾವ ಕೊಟೇಶನ್ನಿಗೂ ಸಹಿ ಬೇಡ.

ಇನ್ನೊಂದು. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ 180, ಅವರು ಹಾಕುತ್ತೇವೆ ಅಂದದ್ದು 250. ನೆಟ್ ಮೀಟರಿಂಗ್‌ನಲ್ಲಿ, ಅಂದರೆ ಹೆಚ್ಚಾದ ಸೋಲಾರ್ ಕರೆಂಟನ್ನು ಹೆಸ್ಕಾಂಗೆ ಕೊಟ್ಟು ಬಿಲ್ಲಿನಲ್ಲಿ ಲೆಕ್ಕ ಹಿಡಿಸುವ ವ್ಯವಸ್ಥೆಯಲ್ಲಿ, ಮಂಜೂರಾದ ಲೋಡ್ ಮೀರಿ ಪ್ಯಾನೆಲ್ ಹಾಕಲು ಬಿಡುವುದಿಲ್ಲ. ಇಷ್ಟನ್ನೂ ನೋಡದೆ ಕೊಟೇಶನ್ ಬರೆದಿದ್ದಾರೆ ಅಂದರೆ ಉಳಿದದ್ದು ಹೇಗಿರಬೇಡ.

ಹಾಸ್ಟೆಲ್ ರೂಮ್ 42

ಅದೇ ತರಹದ ಕಾಲೇಜಿನ ಹುಡುಗ ನಾನು. ಬ್ಯಾಟರಿ ದೊಡ್ಡದೇ ಇರಲಿ ಸರ್. ಪರೀಕ್ಷೆ ಹಿಂದಿನ ರಾತ್ರಿ ಕರೆಂಟ್ ಹೋದಾಗ ಕ್ಯಾಂಡಲ್ ಹಚ್ಚಿದವರಿಗೇ ಗೊತ್ತು.

ಬ್ಯಾಟರಿ ಅಕ್ಕ, ಬೆಂಗಳೂರು

ತಮ್ಮಾ, ನಿನ್ನ ರೂಮಿನ ಫ್ಯಾನು, ಲೈಟು, ವೈಫೈಗೆ 600 ಯೂನಿಟ್ ಬೇಡ. ಲೆಕ್ಕ ಹಾಕಿ ತೋರಿಸುತ್ತೇನೆ. ಬ್ಯಾಟರಿ ಸಿಸ್ಟಮ್ ಡಿಸೈನ್ ಮಾಡುವುದೇ ನನ್ನ ಕೆಲಸ. ಯಾರಿಗೂ ಮಾರುವುದಿಲ್ಲ, ಹಾಗಾಗಿ ಧೈರ್ಯವಾಗಿ ಹೇಳಬಹುದು.

ಮೇಷ್ಟ್ರೇ, 600 ಹೇಗೆ ಬಂತು ಅಂತ ಊಹೆ ಮಾಡಬಲ್ಲೆ. ಸಂಜೆ 4 ಗಂಟೆ ಹೊತ್ತು 50 ಕಿಲೋವ್ಯಾಟ್, ರಾತ್ರಿ 8 ಗಂಟೆ ಹೊತ್ತು 25 ಕಿಲೋವ್ಯಾಟ್ ಅಂತ ಹಿಡಿದರೆ ಒಟ್ಟು 400 ಯೂನಿಟ್. ಬ್ಯಾಟರಿಯನ್ನು ತಳದವರೆಗೆ ಖಾಲಿ ಮಾಡುವಂತಿಲ್ಲ, ಇನ್ವರ್ಟರ್‌ನಲ್ಲಿ ಒಂದಿಷ್ಟು ಸೋರುತ್ತದೆ, ವಯಸ್ಸಾದ ಮೇಲೆ ಸಾಮರ್ಥ್ಯ ಇಳಿಯುತ್ತದೆ. ಎಲ್ಲ ಸೇರಿಸಿದರೆ 600ರ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಪ್ರತಿ ರಾತ್ರಿ ಗ್ರಿಡ್ಡನ್ನು ಮುಟ್ಟಲೇಬಾರದು ಅನ್ನುವ ಲೆಕ್ಕ. ಹಾಗೆ ಯಾರು ಕೇಳಿದ್ದರು? ಗ್ರಿಡ್ ಇದೆಯಲ್ಲ. ನಮ್ಮ ರಾಜ್ಯದಲ್ಲಿ ಹಗಲು ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಓಡುತ್ತದೆ. ಸೂರ್ಯ ಇಳಿದ ಮೇಲೆ ಶರಾವತಿಯ ನೀರು ಕೈಹಿಡಿಯುತ್ತದೆ. ಅಲ್ಲಿನ ಲಿಂಗನಮಕ್ಕಿ ಅಣೆಕಟ್ಟಿಗಿಂತ ಅಗ್ಗದ ಬ್ಯಾಟರಿಯನ್ನು ನಿಮ್ಮ ಟ್ರಸ್ಟ್ ಕಟ್ಟಲಾರದು.

ನಿಮಗೆ ನಿಜವಾಗಿ ಬೇಕಾದದ್ದು ಗ್ರಿಡ್ ಹೋದ ಹೊತ್ತಿನಲ್ಲಿ ನಿಲ್ಲಬಾರದ ಕೆಲಸಗಳು ನಡೆಯುವುದು. ಅವುಗಳ ಪಟ್ಟಿ ಮಾಡಿ. ಹಾಸ್ಟೆಲ್ ಲೈಟ್, ಫ್ಯಾನ್, ವೈಫೈ, ಸರ್ವರ್, ಲ್ಯಾಬ್ ಫ್ರಿಜ್, ವಾಚ್‌ಮನ್ ಗೇಟು. ಗೀಸರ್ ಇಲ್ಲ, ಎಸಿ ಇಲ್ಲ, ಲಿಫ್ಟ್ ಬೇಕಾದರೆ ಒಂದು. ಇವು 15 ಕಿಲೋವ್ಯಾಟ್, 4 ಗಂಟೆ ಅಂತಿಟ್ಟುಕೊಳ್ಳಿ. 60 ಯೂನಿಟ್. 90 ಪರ್ಸೆಂಟ್ ಮಾತ್ರ ಬಳಸುತ್ತೇವೆ, ಇನ್ವರ್ಟರ್ 95 ಪರ್ಸೆಂಟ್ ಕೊಡುತ್ತದೆ, ಆಗ 70. ಹತ್ತು ವರ್ಷದ ನಂತರ ಬ್ಯಾಟರಿ 80 ಪರ್ಸೆಂಟಿಗೆ ಇಳಿದಿರುತ್ತದೆ ಅಂತ ಈಗಲೇ ಹಿಡಿದರೆ 88. ಅಂಗಡಿಯಲ್ಲಿ ಸಿಗುವ ಸೈಜು 100. ನಿಮ್ಮ ಬ್ಯಾಟರಿ ಅದು.

ಫಿಸಿಕ್ಸ್ ಮೇಷ್ಟ್ರು

ಲೆಕ್ಕ ಅರ್ಥವಾಯಿತು. ಆದರೆ ಹಾಸ್ಟೆಲ್‌ಗಳಲ್ಲೇ 300 ಸೀಲಿಂಗ್ ಫ್ಯಾನ್ ಇವೆ. ಹಳೆಯವು, ಒಂದೊಂದು 75 ವ್ಯಾಟ್. ಅವೇ ಇಪ್ಪತ್ತೆರಡೂವರೆ ಕಿಲೋವ್ಯಾಟ್ ಆದವು. ಲೈಟು, ಸರ್ವರ್ ಸೇರಿದರೆ 28 ದಾಟುತ್ತದೆ. ನಿಮ್ಮ 15 ಎಲ್ಲಿಂದ ಬಂತು?

ಬ್ಯಾಟರಿ ಅಕ್ಕ

ಇದನ್ನೇ ಕಾಯುತ್ತಿದ್ದೆ. ಬಿಎಲ್‌ಡಿಸಿ ಫ್ಯಾನ್ ಹಾಕಿ, ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟಾರಿನದು. 30 ವ್ಯಾಟಿನಲ್ಲಿ ಅದೇ ಗಾಳಿ. 300 ಫ್ಯಾನಿಗೆ 9 ಕಿಲೋವ್ಯಾಟ್. ಉಳಿದ 6 ಸೇರಿದರೆ 15.

ಲೆಕ್ಕದ ಪುಸ್ತಕ, ಮೈಸೂರು

ನಾನು ಒಂದು ಶಿಕ್ಷಣ ಸಂಸ್ಥೆಯ ಅಕೌಂಟ್ಸ್ ನೋಡುವವನು. ಟೆಕ್ನಿಕಲ್ ಗೊತ್ತಿಲ್ಲ, ಆದರೆ ಈ ಫ್ಯಾನಿನ ವಿಷಯ ಕಾಗದದ ಮೇಲೆ ಹಾಕಿ ನೋಡಿದೆ. ನಗು ಬಂತು.

ಬ್ಯಾಟರಿ ಒಂದು ಯೂನಿಟ್ ಸಾಮರ್ಥ್ಯಕ್ಕೆ 15 ಸಾವಿರ, ಫ್ಯಾನಿಗೆ 3 ಸಾವಿರ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮ ಕೊಟೇಶನ್‌ನಲ್ಲಿ ಬೇರೆ ಇದ್ದರೆ ತಿದ್ದಿಕೊಳ್ಳಿ. ಹಳೆ ಫ್ಯಾನ್ ಇಟ್ಟುಕೊಂಡು 28 ಕಿಲೋವ್ಯಾಟಿಗೆ 4 ಗಂಟೆ ಬೇಕೆಂದರೆ, ಅಕ್ಕನವರ ಲೆಕ್ಕದಲ್ಲಿ 165 ಯೂನಿಟ್ ಬ್ಯಾಟರಿ. ಹೊಸ ಫ್ಯಾನಾದರೆ 100. ಬ್ಯಾಟರಿಯಲ್ಲಿ ಉಳಿದದ್ದು ಹತ್ತಿರ ಹತ್ತು ಲಕ್ಷ. 300 ಫ್ಯಾನಿನ ಬೆಲೆ 9 ಲಕ್ಷ. ಅಲ್ಲಿಗೆ ಫ್ಯಾನ್ ಪುಕ್ಕಟೆ ಬಂದವು. ಮೇಲಿಂದ ದಿನಕ್ಕೆ 10 ಗಂಟೆ ಓಡಿದರೆ 135 ಯೂನಿಟ್ ಉಳಿತಾಯ, ಪ್ರತಿ ದಿನ.

600 ಯೂನಿಟ್ ಬ್ಯಾಟರಿಗೆ ಇದೇ ದರದಲ್ಲಿ 90 ಲಕ್ಷ. ಫ್ಯಾನ್ ಬದಲಿಸಿ ಅಂತ ಆ ಕಂಪನಿ ಯಾಕೆ ಹೇಳಲಿಲ್ಲ ಅಂತ ಕೇಳಬೇಡಿ.

ಕ್ಲ್ಯಾಂಪ್ ಮೀಟರ್

ಫ್ಯಾನ್ ಜೊತೆ ರಿಮೋಟ್ ಬರುತ್ತದೆ. ಹಾಸ್ಟೆಲ್ ಹುಡುಗರು ಒಂದೇ ವಾರದಲ್ಲಿ ಕಳೆದು ಹಾಕುತ್ತಾರೆ. ಮಾಮೂಲಿ ರೆಗ್ಯುಲೇಟರ್‌ನಲ್ಲಿ ನಡೆಯುವ ಮಾಡೆಲ್ ಕೇಳಿ ತಗೊಳ್ಳಿ. ಸಣ್ಣ ವಿಷಯ, ಆಮೇಲೆ ತಲೆನೋವು.

ಬಿಸಿಲೂರು, ಕಲಬುರಗಿ

ನಮ್ಮಲ್ಲಿ ನಡೆದದ್ದು ಹೇಳುತ್ತೇನೆ ಕೇಳಿ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ತಾರಸಿ ಮೇಲೆ 100 ಕಿಲೋವ್ಯಾಟ್ ಹಾಕಿಸಿದರು. ಉದ್ಘಾಟನೆ, ಹಾರ, ಫೋಟೋ ಎಲ್ಲ ಆಯಿತು. ಮರುವಾರ ಮಧ್ಯಾಹ್ನ 12ಕ್ಕೆ ಕರೆಂಟ್ ಹೋಯಿತು. ಫ್ಯಾನ್ ಎಲ್ಲ ನಿಂತವು. ಪ್ರಿನ್ಸಿಪಾಲರು ಹೊರಗೆ ಬಂದು ಆಕಾಶ ನೋಡಿದರು. ಬಿಸಿಲು ಸುಡುತ್ತಿದೆ. "ಸೂರ್ಯ ಅಲ್ಲೇ ಅದಾನಲ್ರೀ, ಕರೆಂಟ್ ಎಲ್ಲಿ ಹೋತು?" ಅಂದರು. ಯಾರಲ್ಲೂ ಉತ್ತರ ಇರಲಿಲ್ಲ. ಹಾಕಿದ ಕಂಪನಿಗೆ ಫೋನ್ ಮಾಡಿದರೆ "ಅದು ಹಂಗೇ ಸರ್" ಅಂದರು. ಮೊದಲೇ ಹೇಳಬೇಕಿತ್ತಲ್ಲ!

ಬ್ಯಾಟರಿ ಅಕ್ಕ

ಇದು ತುಂಬ ಕಡೆ ಆಗುತ್ತದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಸಾಮಾನ್ಯ ಗ್ರಿಡ್ ಸೋಲಾರ್ ಇನ್ವರ್ಟರ್ ತಾನಾಗಿ ವೋಲ್ಟೇಜ್ ಕಟ್ಟುವುದಿಲ್ಲ. ಹೆಸ್ಕಾಂ ಲೈನಿನ ವೋಲ್ಟೇಜ್, 50 ಹರ್ಟ್ಸ್ ತಾಳ ನೋಡಿಕೊಂಡು ಅದರ ಜೊತೆ ಹೆಜ್ಜೆ ಹಾಕುತ್ತದೆ. ತಾಳ ನಿಂತರೆ ಅದೂ ನಿಲ್ಲಬೇಕು. ನಿಲ್ಲದಿದ್ದರೆ ಸತ್ತ ಲೈನ್ ಅಂದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್ ಪ್ರಾಣಕ್ಕೆ ಅಪಾಯ. ಇದಕ್ಕೆ ಆಂಟಿ-ಐಲ್ಯಾಂಡಿಂಗ್ ಅನ್ನುತ್ತಾರೆ. ಇದು ದೋಷ ಅಲ್ಲ, ಇರಲೇಬೇಕಾದ ರಕ್ಷಣೆ.

ಕರೆಂಟ್ ಹೋದಾಗಲೂ ಸೋಲಾರ್ ನಡೆಯಬೇಕಾದರೆ ತಾಳ ಹಾಕುವವರು ಬೇರೆ ಯಾರಾದರೂ ಬೇಕು. ಆ ಕೆಲಸ ಬ್ಯಾಟರಿ ಇನ್ವರ್ಟರ್‌ದು. ಅದು ಗ್ರಿಡ್-ಫಾರ್ಮಿಂಗ್ ಆಗಿರಬೇಕು. ಹೆಸ್ಕಾಂ ಲೈನನ್ನು ಸ್ವಿಚ್ಚಿನಲ್ಲಿ ಪೂರ್ತಿ ಬೇರೆ ಮಾಡಿ, ಒಳಗಿನ ಸಣ್ಣ ಜಾಲಕ್ಕೆ ತಾನೇ 50 ಹರ್ಟ್ಸ್ ಕೊಡುತ್ತದೆ. ಸೋಲಾರ್ ಇನ್ವರ್ಟರ್‌ಗಳು "ಗ್ರಿಡ್ ಬಂತು" ಅಂದುಕೊಂಡು ಮತ್ತೆ ಶುರುವಾಗುತ್ತವೆ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು ಅನ್ನಿ. ಬ್ಯಾಟರಿ ತುಂಬಿದೆ, ಲೋಡ್ 10 ಕಿಲೋವ್ಯಾಟ್, ಪ್ಯಾನೆಲ್ 80 ಕೊಡಲು ಸಿದ್ಧ. ಉಳಿದ 70 ಎಲ್ಲಿ ಹೋಗಬೇಕು? ಆಗ ಬ್ಯಾಟರಿ ಇನ್ವರ್ಟರ್ ಬೇಕಂತಲೇ ಫ್ರೀಕ್ವೆನ್ಸಿಯನ್ನು 50ರಿಂದ ಸ್ವಲ್ಪ ಮೇಲೆ ಏರಿಸುತ್ತದೆ. ಅದನ್ನು ನೋಡಿ ಸೋಲಾರ್ ಇನ್ವರ್ಟರ್‌ಗಳು ತಮ್ಮ ಉತ್ಪಾದನೆ ಇಳಿಸಿಕೊಳ್ಳಬೇಕು. ಎರಡೂ ಕಂಪನಿಯ ಇನ್ವರ್ಟರ್‌ಗಳಿಗೆ ಈ ಭಾಷೆ ಗೊತ್ತಿದೆಯಾ ಅಂತ ಮೊದಲೇ ಬರೆದು ಕೇಳಿ. ಬ್ಯಾಕಪ್ ಬೋರ್ಡಿಗೆ, ಅಂದರೆ ಕರೆಂಟ್ ಹೋದಾಗಲೂ ನಡೆಯಬೇಕಾದವುಗಳ ಬೋರ್ಡಿಗೆ, ಜೋಡಿಸುವ ಪ್ಯಾನೆಲ್ ಬ್ಯಾಟರಿ ಇನ್ವರ್ಟರಿನ ಸಾಮರ್ಥ್ಯ ಮೀರಬಾರದು. ನಿಮ್ಮ ವಿಷಯದಲ್ಲಿ 50 ಕಿಲೋವ್ಯಾಟ್ ಬ್ಯಾಟರಿ ಇನ್ವರ್ಟರ್ ಇದ್ದರೆ ಆ ಕಡೆ 50 ಕಿಲೋವ್ಯಾಟ್ ಪ್ಯಾನೆಲ್. ಉಳಿದ ಪ್ಯಾನೆಲ್‌ಗಳು ಹೆಸ್ಕಾಂ ಕಡೆಯ ಬೋರ್ಡಿನಲ್ಲೇ ಇರಲಿ, ಕರೆಂಟ್ ಹೋದಾಗ ಮಲಗಲಿ.

ಕ್ಲ್ಯಾಂಪ್ ಮೀಟರ್

ಅಕ್ಕ ಹೇಳಿದ ಬ್ಯಾಕಪ್ ಬೋರ್ಡ್ ಅಂದಷ್ಟು ಸುಲಭ ಅಲ್ಲ. ಹಳೆ ಹಾಸ್ಟೆಲ್‌ನಲ್ಲಿ ಲೈಟು, ಫ್ಯಾನು, ಗೀಸರ್, ಇಸ್ತ್ರಿ ಪೆಟ್ಟಿಗೆ ಎಲ್ಲ ಒಂದೇ ಡಿಬಿಯಲ್ಲಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಕಲಸಿರುತ್ತವೆ. ಬೇಕಾದ್ದು, ಬೇಡವಾದ್ದು ಬೇರೆ ಮಾಡದೆ ಬ್ಯಾಟರಿ ಕೊಟ್ಟರೆ ಕರೆಂಟ್ ಹೋದ ಕೂಡಲೇ ಯಾರೋ ಗೀಸರ್ ಹಾಕಿ ಎಲ್ಲರನ್ನೂ ಕತ್ತಲಲ್ಲಿ ಕೂರಿಸುತ್ತಾರೆ. ಪ್ರತಿ ಮಹಡಿಗೆ ಹೊಸ ಡಿಬಿ, ಹೊಸ ಕೇಬಲ್, ನೆಲ ಅಗೆತ. ಕೊಟೇಶನ್‌ನಲ್ಲಿ ಈ ಸಾಲೇ ಇರುವುದಿಲ್ಲ. "ಕಸ್ಟಮರ್ ಸ್ಕೋಪ್" ಅಂತ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದಿ ನೋಡಿ.

ಫಿಸಿಕ್ಸ್ ಮೇಷ್ಟ್ರು

ಓದಿದೆ. ಇದೆ! 14ನೇ ಪುಟದಲ್ಲಿ.

ಮಳೆಗಾಲ, ಶಿರಸಿ

ನಿಮ್ಮ ಕಂಪನಿ ಯಾವ ತಿಂಗಳ ಬಿಸಿಲು ಹಿಡಿದು ಲೆಕ್ಕ ಮಾಡಿದೆ, ನೋಡಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತದೆ ಅನ್ನುವುದು ಸರಿ. ಆದರೆ ಸರಾಸರಿಯಿಂದ ಜುಲೈ ತಿಂಗಳ ಹೊಟ್ಟೆ ತುಂಬುವುದಿಲ್ಲ. ನಮ್ಮ ಕಡೆ ಮೋಡ ಕವಿದು ಕೂತ ದಿನ 2 ಬಂದರೆ ಹಬ್ಬ. ಧಾರವಾಡ ನಮ್ಮಷ್ಟು ಕೆಟ್ಟದಲ್ಲ, ಆದರೂ ಜುಲೈ, ಆಗಸ್ಟ್ ಮೋಡದ್ದೇ ರಾಜ್ಯ.

ಇದರಲ್ಲಿ ಒಂದು ತಮಾಷೆ ಇದೆ. ಕರೆಂಟ್ ಜಾಸ್ತಿ ಹೋಗುವುದು ಯಾವಾಗ? ಮಳೆಗಾಲದಲ್ಲಿ, ಕೊಂಬೆ ಮುರಿದು ತಂತಿ ಮೇಲೆ ಬಿದ್ದಾಗ. ಬಿಸಿಲು ಕಡಿಮೆ ಇರುವುದು ಯಾವಾಗ? ಅದೇ ಹೊತ್ತಿನಲ್ಲಿ. ಅಂದರೆ ಬ್ಯಾಟರಿ ಬೇಕಾದ ದಿನ ಸೂರ್ಯ ಅದನ್ನು ತುಂಬಿಸುವುದಿಲ್ಲ. ಗ್ರಿಡ್ಡಿನಿಂದಲೂ ಚಾರ್ಜ್ ಆಗುವ ಹಾಗೆ ಇರಬೇಕು. ಸೋಲಾರಿನಿಂದ ಮಾತ್ರ ಚಾರ್ಜ್ ಅಂತ ಸೆಟ್ಟಿಂಗ್ ಇಟ್ಟರೆ ಮೂರನೇ ದಿನ ಖಾಲಿ ಡಬ್ಬ. ಜನರೇಟರನ್ನು ಗುಜರಿಗೂ ಹಾಕಬೇಡಿ. ಎರಡು ದಿನ ಕರೆಂಟ್ ಬಾರದ ಮಳೆಯನ್ನು ನಾವು ನೋಡಿದ್ದೇವೆ.

ಬಿಸಿಲೂರು

ಬೇಸಿಗೆಯ ಕಥೆ ಇನ್ನೊಂದು. ಬಿಸಿಲು ಜಾಸ್ತಿ ಅಂದರೆ ಕರೆಂಟ್ ಜಾಸ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ಯಾನೆಲ್ ಕಾದಷ್ಟೂ ಅದರ ಕೈ ಸೋಲುತ್ತದೆ. ಪ್ಯಾನೆಲ್ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ಲಿನ ಒಳಗೆ 65 ಮುಟ್ಟುತ್ತದೆ. ಒಂದು ಡಿಗ್ರಿಗೆ 0.35 ಪರ್ಸೆಂಟ್ ಹಿಡಿದರೆ 14 ಪರ್ಸೆಂಟ್ ಹೋಯಿತು. ತಗಡಿನ ಶೀಟಿಗೆ ಅಂಟಿಸಿದ ಹಾಗೆ ಹಾಕಿದರೆ ಇನ್ನೂ ಜಾಸ್ತಿ. ಕೆಳಗಿನಿಂದ ಗಾಳಿ ಆಡಬೇಕು.

ತೊಳೆಯುವ ವಿಷಯ ಬಂದರೆ, ಬೋರ್‌ವೆಲ್ ಗಡಸು ನೀರು ಒಣಗಿ ಬಿಳಿ ಕಲೆ ಕೂರುತ್ತದೆ. ಬೆಳಗಿನ ಜಾವ ತೊಳೆದು ರಬ್ಬರ್ ವೈಪರ್‌ನಲ್ಲಿ ಎಳೆಯಿರಿ. ಉರಿ ಬಿಸಿಲಿನಲ್ಲಿ ಕಾದ ಗಾಜಿಗೆ ತಣ್ಣೀರು ಬೇಡ.

ಲೆಕ್ಕದ ಪುಸ್ತಕ

ಏಪ್ರಿಲ್, ಮೇ ಅಂದ ಕೂಡಲೇ ನೆನಪಾಯಿತು. ಕಾಲೇಜಿಗೆ ರಜೆ! ಬಿಸಿಲು ಒಳ್ಳೆಯದಿರುವಾಗ ಕ್ಯಾಂಪಸ್ ಖಾಲಿ. ಫ್ಯಾಕ್ಟರಿಗೂ ಕಾಲೇಜಿಗೂ ಇರುವ ದೊಡ್ಡ ವ್ಯತ್ಯಾಸ ಇದು. 250 ಕಿಲೋವ್ಯಾಟ್ ಹಾಕಿದರೆ ಎರಡು ತಿಂಗಳು ಹೆಚ್ಚುಕಡಿಮೆ ಎಲ್ಲವೂ ಹೆಸ್ಕಾಂಗೆ ಹೋಗುತ್ತದೆ. ನೀವು ಕೊಳ್ಳುವ ದರ ಒಂದು, ಅವರು ನಿಮ್ಮ ಹೆಚ್ಚುವರಿಗೆ ಕೊಡುವ ದರ ಇನ್ನೊಂದು.

ನಮ್ಮಲ್ಲಿ ದುಡ್ಡು ಹಾಕದೆ ರೆಸ್ಕೋ ಮಾದರಿಯಲ್ಲಿ ಹೋದರು. ಕಂಪನಿಯವರೇ ಹಾಕುತ್ತಾರೆ, 25 ವರ್ಷ ಯೂನಿಟ್ ಲೆಕ್ಕದಲ್ಲಿ ನಾವು ಕಟ್ಟಬೇಕು. ಒಪ್ಪಂದದಲ್ಲಿ ಒಂದು ಕಲಮು: ನೀವು ಬಳಸಿ, ಬಿಡಿ, ಉತ್ಪಾದನೆ ಆಗಬಹುದಾಗಿದ್ದಷ್ಟಕ್ಕೆ ದುಡ್ಡು ಕೊಡಬೇಕು. ರಜೆಯಲ್ಲಿ ಫೀಡರ್ ರಿಪೇರಿಗೆ ಅಂತ ಲೈನ್ ಬಂದ್ ಇತ್ತು. ಬಳಸದ ಕರೆಂಟಿಗೆ ಬಿಲ್ ಬಂತು. ಆಡಿಟ್‌ನಲ್ಲಿ ನನ್ನನ್ನು ಕೇಳಿದರು. ನಾನೇನು ಹೇಳಲಿ?

ಹಾಂ, ಯಾರಾದರೂ ಪಿಎಂ ಸೂರ್ಯ ಘರ್ ಸಬ್ಸಿಡಿ ಕೊಡಿಸುತ್ತೇವೆ ಅಂದರೆ ನಂಬಬೇಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಆ ಯೋಜನೆ ಮನೆಗಳಿಗೆ. ಕಾಲೇಜಿಗಲ್ಲ.

ಬ್ಯಾಟರಿ ಅಕ್ಕ

ಹಾಗಾದರೆ ಪ್ಯಾನೆಲ್ 100 ಕಿಲೋವ್ಯಾಟ್ ಸಾಕು ಅಂತ ನನ್ನ ಅಂದಾಜು. 550 ವ್ಯಾಟಿನ 182 ಪ್ಯಾನೆಲ್, ನೆರಳಿಲ್ಲದ ಸಾವಿರ ಚದರ ಮೀಟರ್ ತಾರಸಿ. ವರ್ಷಕ್ಕೆ 1 ಲಕ್ಷ 40 ಸಾವಿರ ಯೂನಿಟ್ ಬಂದೀತು. ಕಾಲೇಜು ದಿನದ ಮಧ್ಯಾಹ್ನ ಹುಟ್ಟಿದ್ದನ್ನು ನೀವೇ ತಿಂದು ಮುಗಿಸುತ್ತೀರಿ. ಜಾಗದ ಬಿಸಿಲಿನ ಅಂಕಿ ಬೇಕಾದರೆ ಗ್ಲೋಬಲ್ ಸೋಲಾರ್ ಅಟ್ಲಾಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಬಿಎಸ್ಸಿ ಹುಡುಗರಿಗೆ ಪ್ರಾಜೆಕ್ಟ್ ಆಗಿ ಕೊಡಿ.

ಕ್ಲ್ಯಾಂಪ್ ಮೀಟರ್

ಯಾರೂ ಹೇಳದ ಒಂದು ವಿಷಯ: ಪವರ್ ಫ್ಯಾಕ್ಟರ್, ಅಂದರೆ ಲೈನಿನಿಂದ ಎಳೆದದ್ದರಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು. ನಿಮ್ಮ ಲೋಡ್ 100 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.9 ಅನ್ನಿ. ಆಗ ಜೊತೆಗೆ 48 ಕಿಲೋವಾರ್, ಅಂದರೆ ಕೆಲಸ ಮಾಡದೆ ಲೈನಿನಲ್ಲಿ ಹೋಗಿ ಬರುವ ಪವರ್, ಓಡುತ್ತಿರುತ್ತದೆ. ಸೋಲಾರ್ ಬಂದು 75 ಕಿಲೋವ್ಯಾಟ್ ಕೊಟ್ಟಿತು. ಗ್ರಿಡ್ಡಿನಿಂದ ಬರುವ ಕಿಲೋವ್ಯಾಟ್ 25ಕ್ಕೆ ಇಳಿಯಿತು. ಆದರೆ ಆ 48 ಹಾಗೇ ಉಳಿಯಿತು. ಈಗ ಮೀಟರ್ ನೋಡುವ ಪವರ್ ಫ್ಯಾಕ್ಟರ್ 0.46! ಒಳಗೆ ಏನೂ ಬದಲಾಗಿಲ್ಲ, ಆದರೂ ಹೊರಗೆ ಕೆಟ್ಟ ಹೆಸರು. ತಿಂಗಳ ಸರಾಸರಿ 0.90ಕ್ಕಿಂತ ಕೆಳಗೆ ಹೋದರೆ ಬಿಲ್ಲಿನಲ್ಲಿ ಸರ್‌ಚಾರ್ಜ್. ಸೋಲಾರ್ ಹಾಕಿದ ಮೇಲೆ ಬಿಲ್ಲಿನಲ್ಲಿ ಹೊಸ ದಂಡ ಬಂತು ಅಂತ ನನಗೆ ಫೋನ್ ಮಾಡುವವರ ಕಥೆ ಮುಕ್ಕಾಲು ಪಾಲು ಇದೇ. ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ ಎಪಿಎಫ್‌ಸಿ ಪ್ಯಾನೆಲ್ಲಿನ ಕೆಪಾಸಿಟರ್ ಸತ್ತಿದ್ದರೆ ಬದಲಿಸಿ. ಇನ್ವರ್ಟರ್‌ನಿಂದಲೇ ಸ್ವಲ್ಪ ಕಿಲೋವಾರ್ ತೆಗೆಯುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ಕೇಳಿ.

ಹಾಸ್ಟೆಲ್ ರೂಮ್ 42

ಇಷ್ಟೆಲ್ಲ ಸಿಲಬಸ್‌ನಲ್ಲಿ ಯಾಕಿಲ್ಲ?

ಸಾಗರದಾಚೆ, ಕ್ಯಾಲಿಫೋರ್ನಿಯಾ

ನಾನಿರುವ ಕಡೆಯ ಉದಾಹರಣೆ ಒಂದು ಹೇಳಲೇ? ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ರೋಗ್ರಿಡ್, ಅಂದರೆ ಕ್ಯಾಂಪಸ್ಸಿನದೇ ಸಣ್ಣ ವಿದ್ಯುತ್ ಜಾಲ, ತುಂಬ ಹೆಸರುವಾಸಿ. ತನಗೆ ಬೇಕಾದ ಕರೆಂಟಿನ ಹೆಚ್ಚಿನ ಪಾಲನ್ನು ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ 2.5 ಮೆಗಾವ್ಯಾಟ್, 5 ಮೆಗಾವ್ಯಾಟ್-ಅವರ್ ಬ್ಯಾಟರಿ ಹಾಕಿದ್ದರು. ಕೇಳಿದರೆ ದೊಡ್ಡದು. ಆದರೆ ಆ ಕ್ಯಾಂಪಸ್ಸಿನ ಬೆನ್ನೆಲುಬು ಗ್ಯಾಸ್ ಟರ್ಬೈನ್‌ಗಳು. ಬ್ಯಾಟರಿ ಹಾಕಿದ್ದು ಪೂರ್ತಿ ರಾತ್ರಿ ಓಡಿಸಲು ಅಲ್ಲ, ದರ ಏರುವ ಹೊತ್ತಿನ ಲೋಡಿನ ತಲೆ ಸವರಲು.

ನನಗೆ ಅದಕ್ಕಿಂತ ಇಷ್ಟವಾದದ್ದು ಅಲ್ಲಿನ ತಣ್ಣೀರಿನ ಟ್ಯಾಂಕ್. 38 ಲಕ್ಷ ಗ್ಯಾಲನ್, ನಮ್ಮ ಲೆಕ್ಕದಲ್ಲಿ ಸುಮಾರು 1 ಕೋಟಿ 44 ಲಕ್ಷ ಲೀಟರ್. ರಾತ್ರಿ ನೀರು ತಣ್ಣಗೆ ಮಾಡಿ ಇಟ್ಟು ಹಗಲು ಎಸಿಗೆ ಬಳಸುತ್ತಾರೆ. ಕರೆಂಟನ್ನು ಕರೆಂಟಾಗಿಯೇ ಕೂಡಿಡಬೇಕು ಅಂತೇನಿಲ್ಲ.

ಕ್ಲ್ಯಾಂಪ್ ಮೀಟರ್

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಓವರ್‌ಹೆಡ್ ಟ್ಯಾಂಕೂ ಬ್ಯಾಟರಿಯೇ. ಎರಡು ಬೋರ್‌ವೆಲ್ ಮೋಟಾರನ್ನು ಬೆಳಿಗ್ಗೆ 6ಕ್ಕೆ ಹಾಕುವ ಬದಲು ಮಧ್ಯಾಹ್ನ 12ಕ್ಕೆ ಟೈಮರ್ ಇಟ್ಟರೆ ಬಿಸಿಲೇ ನೀರೆತ್ತುತ್ತದೆ. ಟ್ಯಾಂಕ್ ಸಣ್ಣದಾಗಿದ್ದರೆ ಇನ್ನೊಂದು ಸಿಂಟೆಕ್ಸ್ ಇಡಿ. ಲಿಥಿಯಂಗಿಂತ ಅಗ್ಗ, ಬೆಂಕಿಯೂ ಹತ್ತುವುದಿಲ್ಲ.

ಸಾಗರದಾಚೆ

ಬೆಂಕಿ ಅಂದಿರಲ್ಲ, ಅದನ್ನು ಲಘುವಾಗಿ ತಗೊಳ್ಳಬೇಡಿ. 2019ರ ಏಪ್ರಿಲ್‌ನಲ್ಲಿ ಅರಿಜೋನಾದ ಸರ್ಪ್ರೈಸ್ ಅನ್ನುವ ಊರಿನಲ್ಲಿ 2 ಮೆಗಾವ್ಯಾಟ್-ಅವರ್ ಬ್ಯಾಟರಿ ಮನೆಯಲ್ಲಿ ಸೆಲ್ ಕೆಟ್ಟು ಹೊಗೆ ಎದ್ದಿತು. ಒಳಗೆ ಉರಿಯುವ ಅನಿಲ ತುಂಬಿಕೊಂಡಿತ್ತು. ಅಗ್ನಿಶಾಮಕದವರು ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಸ್ಫೋಟವಾಗಿ ಹಲವರು ಗಾಯಗೊಂಡರು. ಅನಿಲ ಹೊರಗೆ ಹೋಗಲು ದಾರಿ ಇರಲಿಲ್ಲ.

ಬ್ಯಾಟರಿ ಅಕ್ಕ

ಅಲ್ಲಿದ್ದದ್ದು ಬೇರೆ ರಸಾಯನದ ಸೆಲ್. ಕ್ಯಾಂಪಸ್ಸಿಗೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಕೇಳಿ. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಹಾಗಂತ ಬೆಂಕಿಯೇ ಇಲ್ಲ ಅಂತಲ್ಲ. ಕೆಟ್ಟರೆ ಅದೂ ಉರಿಯುವ ಅನಿಲ ಬಿಡುತ್ತದೆ. ಮೆಟ್ಟಿಲ ಕೆಳಗಿನ ಗೂಡು, ಹಾಸ್ಟೆಲ್ ನೆಲಮಹಡಿ, ಲೈಬ್ರರಿ ಪಕ್ಕ, ಇವೆಲ್ಲ ಬೇಡವೇ ಬೇಡ. ಮಕ್ಕಳು ಮಲಗುವ ಕಟ್ಟಡದಿಂದ ದೂರ, ಸಬ್‌ಸ್ಟೇಷನ್ ಹತ್ತಿರ, ನೆರಳಿನಲ್ಲಿ ಬೇರೆ ಕೋಣೆ. ಮೇಲೆ ಗಾಳಿ ಹೋಗಲು ದಾರಿ, ಹೊಗೆ ಪತ್ತೆ ಯಂತ್ರ, ಹೊರಗಿನಿಂದ ಬಂದ್ ಮಾಡುವ ಸ್ವಿಚ್. ಕೋಣೆ 25ರಿಂದ 30 ಡಿಗ್ರಿಯಲ್ಲಿದ್ದರೆ ಬ್ಯಾಟರಿಗೆ ಆಯುಷ್ಯ.

ಹಳೆ ಲೆಡ್-ಆಸಿಡ್ ಕೇಳುವವರೂ ಇದ್ದಾರೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ಡಿಸ್ಟಿಲ್ಡ್ ವಾಟರ್ ಹಾಕುವವನು ರಜೆ ಹಾಕುತ್ತಾನೆ. ಬೇಡ.

ಲೆಕ್ಕದ ಪುಸ್ತಕ

ನನ್ನದು ಒಂದೇ ಅನುಮಾನ. ವರ್ಷಕ್ಕೆ ಅರವತ್ತು ಸಲ ಕರೆಂಟ್ ಹೋಗುತ್ತದೆ ಅಂತ 15 ಲಕ್ಷದ ಬ್ಯಾಟರಿಯನ್ನು ಸುಮ್ನೆ ಕೂರಿಸುವುದಾ?

ಬ್ಯಾಟರಿ ಅಕ್ಕ

ಸುಮ್ನೆ ಕೂರಿಸಬೇಡಿ. ಬೇಸಿಗೆ, ಚಳಿಗಾಲದಲ್ಲಿ 40 ಪರ್ಸೆಂಟನ್ನು ದಿನವೂ ಸಂಜೆ ಬಳಸಿ. ಸಂಜೆ 6ರಿಂದ 10ರ ದರ ಹೆಚ್ಚಿರುವ ಟೈಮ್ ಆಫ್ ಡೇ ಬಿಲ್ ನಿಮಗೆ ಅನ್ವಯಿಸುತ್ತಿದ್ದರೆ ಒಂದಿಷ್ಟು ಉಳಿಯುತ್ತದೆ. 60 ಪರ್ಸೆಂಟ್ ಮುಟ್ಟಬೇಡಿ. ಮಳೆಗಾಲದಲ್ಲಿ ಪೂರ್ತಿ ತುಂಬಿಸಿ ಇಡಿ. ಜನರೇಟರ್ ಜೊತೆ ಹೋಲಿಸಿ ನೋಡಿ: 125 ಕೆವಿಎ ಯಂತ್ರ 25 ಕಿಲೋವ್ಯಾಟಿಗೆ ಓಡಿದರೆ ಒಂದು ಲೀಟರಿಗೆ 3 ಯೂನಿಟ್ ಬಂದರೆ ಪುಣ್ಯ. ಡೀಸೆಲ್ 90 ರೂಪಾಯಿ ಹಿಡಿದರೆ ಯೂನಿಟ್‌ಗೆ 30.

ಫಿಸಿಕ್ಸ್ ಮೇಷ್ಟ್ರು

ಮೂರು ವಾರ ಆಯಿತು, ಕ್ಷಮಿಸಿ. ಲೋಡ್ ಸರ್ವೇ ಸಿಕ್ಕಿತು. ನಿನ್ನೆ ರಾತ್ರಿ ಗ್ರಾಫ್ ತೆಗೆದು ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ.

ನಮ್ಮ ಪೀಕ್ ಮಧ್ಯಾಹ್ನ 12ಕ್ಕೆ ಅಂತ ಎಲ್ಲರೂ ಅಂದುಕೊಂಡಿದ್ದೆವು, ಲ್ಯಾಬ್ ಎಲ್ಲ ನಡೆಯುವ ಹೊತ್ತು ಅಂತ. ಅಲ್ಲ. ಮಧ್ಯಾಹ್ನ 85 ಕಿಲೋವ್ಯಾಟ್ ದಾಟಿಲ್ಲ. ಬೆಳಿಗ್ಗೆ 6.15ರಿಂದ 7ರವರೆಗೆ 115! ಎರಡು ಹಾಸ್ಟೆಲಿನ 40 ಗೀಸರ್, ಒಂದೊಂದು 2 ಕಿಲೋವ್ಯಾಟ್. ಸೂರ್ಯ ಆಗಿನ್ನೂ ಕಣ್ಣುಜ್ಜುತ್ತಿರುತ್ತಾನೆ. 250 ಅಲ್ಲ, 500 ಕಿಲೋವ್ಯಾಟ್ ಪ್ಯಾನೆಲ್ ಹಾಕಿದರೂ ನಮ್ಮ ಡಿಮ್ಯಾಂಡ್ ಒಂದು ಕೆವಿಎ ಇಳಿಯುತ್ತಿರಲಿಲ್ಲ.

ಬ್ಯಾಟರಿ ಅಕ್ಕ

ನೀರು ಕಾಯಿಸಲು ಬ್ಯಾಟರಿ ಬಳಸುವ ಯೋಚನೆ ಬೇಡ. ತಾರಸಿಯ ಒಂದು ಮೂಲೆಯಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿ. ಬಿಸಿಯನ್ನು ಬಿಸಿಯಾಗಿಯೇ ಟ್ಯಾಂಕಿನಲ್ಲಿ ಕೂಡಿಡುತ್ತದೆ. ಮಳೆಗಾಲಕ್ಕೆ ಅರ್ಧ ಗೀಸರ್ ಇರಲಿ, ಒಂದು ಹಾಸ್ಟೆಲ್ 5.30ಕ್ಕೆ, ಇನ್ನೊಂದು 6.30ಕ್ಕೆ ಟೈಮರ್.

ಲೆಕ್ಕದ ಪುಸ್ತಕ

ಪೀಕ್ ಇಳಿದ ಮೇಲೆ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಇಳಿಸಲು ಅರ್ಜಿ ಕೊಡುವುದನ್ನು ಮರೆಯಬೇಡಿ. ಬಳಸಿದ್ದು ಕಡಿಮೆಯಾದರೂ ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ ದೊಡ್ಡ ಪಾಲಿಗೆ ದುಡ್ಡು ಕಟ್ಟಲೇಬೇಕು. ಆದರೆ ಒಂದು ವರ್ಷ ಮೀಟರ್ ನೋಡಿ ಆಮೇಲೆ ಇಳಿಸಿ. ಇಳಿಸಿದ ಮೇಲೆ ಮೀರಿದರೆ ದಂಡ. ಸೋಲಾರ್ ಸಾಮರ್ಥ್ಯಕ್ಕೂ ಅದೇ ಮಿತಿ ಅನ್ನುವುದು ನೆನಪಿರಲಿ, ನೂರಕ್ಕಿಂತ ಕೆಳಗೆ ಹೋಗಬೇಡಿ.

ಫಿಸಿಕ್ಸ್ ಮೇಷ್ಟ್ರು

ಸರಿ. ಟ್ರಸ್ಟಿಗೆ ಬರೆಯುತ್ತಿರುವುದು ಹೀಗೆ: ಮೊದಲು ಫ್ಯಾನು, ವಾಟರ್ ಹೀಟರ್, ಹಾಸ್ಟೆಲ್ ಡಿಬಿ ಬೇರೆ ಮಾಡುವುದು. ಆಮೇಲೆ 100 ಕಿಲೋವ್ಯಾಟ್ ಪ್ಯಾನೆಲ್, ಅದರಲ್ಲಿ 50 ಬ್ಯಾಕಪ್ ಬೋರ್ಡಿಗೆ. 100 ಯೂನಿಟ್ ಎಲ್‌ಎಫ್‌ಪಿ, 50 ಕಿಲೋವ್ಯಾಟ್ ಗ್ರಿಡ್-ಫಾರ್ಮಿಂಗ್ ಇನ್ವರ್ಟರ್. ಜನರೇಟರ್ ಇದ್ದಲ್ಲೇ ಇರುತ್ತದೆ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಒಪ್ಪಿಗೆ ಬಂದ ಮೇಲೆಯೇ ಕೊನೆಯ ಕಂತು.

ಕ್ಲ್ಯಾಂಪ್ ಮೀಟರ್

ಕೊನೆಯ ಕಂತಿಗೆ ಇನ್ನೊಂದು ಷರತ್ತು ಹಾಕಿ ಸರ್. ಹಾಸ್ಟೆಲ್ ತುಂಬಿರುವ ಒಂದು ಸಂಜೆ 7 ಗಂಟೆಗೆ ಮೇನ್ ಬ್ರೇಕರ್ ಎಳೆಯಬೇಕು. ಯಾರಿಗೂ ಮೊದಲೇ ಹೇಳಬಾರದು. ನಾಲ್ಕು ಗಂಟೆ ಲೈಟು ಫ್ಯಾನು ನಡೆಯಬೇಕು. ಮರುದಿನ ಮಧ್ಯಾಹ್ನ ಬಿಸಿಲಿನಲ್ಲಿ ಇನ್ನೊಮ್ಮೆ ಎಳೆಯಬೇಕು, ಬ್ಯಾಟರಿ ತುಂಬಿರುವಾಗ. ಇದನ್ನು ಒಪ್ಪಂದದಲ್ಲಿ ಬರೆಸಿ. ಕಂಪನಿಯವರ ಮುಖ ನೋಡಿದರೆ ಅರ್ಧ ಗೊತ್ತಾಗುತ್ತದೆ.

ಹಾಸ್ಟೆಲ್ ರೂಮ್ 42

5.30ಕ್ಕೆ ಬಿಸಿನೀರು ಬರುವುದು ಯಾವ ಹಾಸ್ಟೆಲಿಗೆ ಅಂತ ಯಾರು ತೀರ್ಮಾನ ಮಾಡುತ್ತಾರೆ ಸರ್?

ಫಿಸಿಕ್ಸ್ ಮೇಷ್ಟ್ರು

ಅದು ಸೋಲಾರ್ ಕಮಿಟಿಗೆ ಬರುವುದಿಲ್ಲ. ವಾರ್ಡನ್ನರನ್ನು ಕೇಳು.